ಏಳು ಲಾರಿಯ ಕಳ್ಳ

ಲಾರಿಯೆಂದರೆ ಕುತೈಸಿಯಲ್ಲಿ ದುಡ್ಡು, ನಗಬೇಡಿ.
ಏಳು ಲಾರಿಗೆ ಮೂರು ಶೋತಿ ರೊಟ್ಟಿ, ಒಂದು ಕಟ್ಟು ಕೊತ್ತಂಬರಿ,
ಇಲ್ಲವೇ ಉಗುರಿನಗಲದ ಹಸಿರು ಬೋರ್ಡು.
ನಜಿಬ್ರೋಲಾ ಬೋರ್ಡನ್ನೇ ಕೊಂಡಳು.

ಅದೇ ಕೆಲಸದ ಕಂಪನಿ ಮಾಲು ಕ್ಯಾಟಲಾಗಿನಲ್ಲಿ
ಕಪ್ಪು ಮಖಮಲ್ಲಿನ ಮೇಲೆ, ಉಂಗುರದ ಹಾಗೆ, ಮಲಗಿತ್ತು.
ಅದರ ಬೆಲೆಗೆ ಅವಳ ಮನೆಯ ಒಂದು ಚಳಿಗಾಲದ ಗ್ಯಾಸು.
ಕಾಸಿಗೆ ತಕ್ಕ ಕಜ್ಜಾಯ ಅನ್ನುತ್ತಾರಲ್ಲ,
ಕಜ್ಜಾಯ ತಿನ್ನುವವರಿಗೆ ಸರಿ ಆ ಮಾತು.
ಕನ್ನ ಹಾಕುವವರಿಗೆ
ಹಿತ್ತಲ ಗಿಡವೂ ಮದ್ದೇ.

ಅಡುಗೆಮನೆಯ ಮೇಜು. ಬೆಸುಗೆಯ ಹೊಗೆ
ಕಾಳು ಬೇಯುವ ಹಬೆಗೆ ಬೆರೆತು
ಅತ್ತೆ ಕಿಟಕಿ ತೆರೆದರು, ಏನೂ ಕೇಳಲಿಲ್ಲ.
ಸತ್ತ ಪೆನ್‌ಡ್ರೈವೊಂದರ ಹೊಟ್ಟೆ ಬಗೆದು,
ಯಾರದೋ ಮದುವೆಯ ಫೋಟೋ ತುಂಬಿದ್ದ ಕರುಳು ತೆಗೆದು,
ಖಾಲಿ ಚಿಪ್ಪಿಗೆ ಬೋರ್ಡು ತುರುಕಿದಳು.
ಶಾರ್ಟ್ ಆಗದಿರಲೆಂದು ಬಳಿದದ್ದು
ಮಗಳ ನೇರಳೆ ನೇಲ್ ಪಾಲಿಶ್.
ಕಣ್ಣಿಗೆ ಅದು ಪೆನ್‌ಡ್ರೈವು.
ಕಂಪ್ಯೂಟರು ಮಾತಾಡಿಸಿದರೆ ಮಾತ್ರ
‘ನಾನೊಂದು ಕೀಬೋರ್ಡು’ ಅನ್ನುತ್ತದೆ.
ಕಂಪ್ಯೂಟರು ನಂಬುತ್ತದೆ. ಕೀಬೋರ್ಡನ್ನು ಅನುಮಾನಿಸುವುದನ್ನು
ಅದಕ್ಕೆ ಯಾರೂ ಕಲಿಸಿಲ್ಲ.

ಅಗ್ಗದ್ದಕ್ಕೆ ಅಗ್ಗದ ಚಾಳಿ:
ಸಿಕ್ಕಿಸಿದೊಡನೆ ಶುರುಮಾಡುವುದಿಲ್ಲ,
ಐದು ಸೆಕೆಂಡು ಸುಮ್ಮನಿರುತ್ತದೆ,
ಸಭೆಯಲ್ಲಿ ಮೊದಲ ಸಲ ಎದ್ದು ನಿಂತವನು
ಗಂಟಲು ಸರಿಮಾಡಿಕೊಂಡ ಹಾಗೆ.
ಮೊದಲ ರಾತ್ರಿ ಸರಿಮಾಡಿಕೊಂಡು ಬರೆದದ್ದಾದರೂ ಏನು?
ಇಂಗ್ಲಿಷಿನಲ್ಲಿ ಅಪ್ಪಣೆ ಕೊಡಲು ಹೋಗಿ
ಅವಳದೇ ಲ್ಯಾಪ್‌ಟಾಪಿನ ಜಾರ್ಜಿಯನ್ ಕೀಲಿಗಳಿಗೆ ಸಿಕ್ಕಿ
ಪರದೆ ತುಂಬ ದ್ರಾಕ್ಷಿ ಕುಡಿಗಳಂಥ ದುಂಡಕ್ಷರ,
ಒಂದಕ್ಕೂ ಅರ್ಥವಿಲ್ಲ.
ಅತ್ತೆ ಕನ್ನಡಕ ಏರಿಸಿ ಓದಲು ನೋಡಿದರು:
‘ಯಾವ ಊರಿನ ಬೈಗುಳವೇ ಇದು?’
ನಕ್ಕೂ ನಕ್ಕೂ ನಜಿಬ್ರೋಲಾ
ಬೆರಳು ಸುಟ್ಟುಕೊಂಡಳು.

ಸೋಮವಾರ ಪಾಲಿಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಬೀಳಿಸಿ ಬಂದಳು.
ಕೋಟಿನ ಒಳಜೇಬಿನಲ್ಲಿ ಮುಖ್ಯಸ್ಥರ ಸಹಿಯ ಪತ್ರ:
ಈಕೆ ಕಳ್ಳಿಯಲ್ಲ, ನಾವೇ ಕರೆಸಿದ್ದು.

ಎತ್ತಿಕೊಂಡವನು ಕಾವಲುಗಾರ ಪಾರ್ಮೆನ್.
ಉಸಿರು ಹೊಗೆಯಾಗುವ ಅವನ ಗೂಡಿನಲ್ಲಿ ಕಂಪ್ಯೂಟರಿಲ್ಲ,
ಇದ್ದದ್ದು ಒಂದು ಮೊಳೆ.
ಮಗುವಿನ ಒಂಟಿ ಕೈಗವಸು, ಯಾರದೋ ಬೀಗದ ಕೈ,
ಅವುಗಳ ಜೊತೆ ದಾರ ಕಟ್ಟಿ ಇದನ್ನೂ ನೇತುಹಾಕಿದ.

ಮೂರು ದಿನದಲ್ಲಿ ಮೂವರು ಬಂದು ‘ನನ್ನದು’ ಅಂದರು,
ಅವರಲ್ಲೊಬ್ಬರು ಮೇಲಿನ ಹಲ್ಲಿನ ಡಾಕ್ಟರು.
‘ಒಳಗೇನಿದೆ ಹೇಳಿ, ಕೊಡುತ್ತೇನೆ.’
ಹಾಡು, ಅಂದನೊಬ್ಬ. ಎಕ್ಸ್‌ರೇ, ಅಂದರು ಡಾಕ್ಟರು.
ಮೂರನೆಯಾಕೆಗೆ ನೆನಪಿಲ್ಲ.
‘ಮೂರು ಬಾಯಿಗೆ ಮೂರು ಉತ್ತರ, ವಸ್ತು ಒಂದೇ’ ಎಂದು
ಪಾರ್ಮೆನ್ ದಾರಕ್ಕೆ ಇನ್ನೊಂದು ಗಂಟು ಹಾಕಿದ.

ಗುರುವಾರ ಅವನಿಗೆ ದವಡೆ ಊದಿತು.
ಅದೇ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗ
ಕೆಳಗೆ ಮೊಳೆ ಕಾಯಲು ಯಾರೂ ಇರಲಿಲ್ಲ.
ದಾರ ಕತ್ತರಿಸಿ ಒಯ್ದವರು ಯಾರೆಂದು ನಜಿಬ್ರೋಲಾಗೆ ಗೊತ್ತು.
ಹೇಳುವುದಿಲ್ಲವೆಂದು ಬರೆದುಕೊಟ್ಟಿದ್ದಾಳೆ, ನನಗೂ ಹೇಳಲಿಲ್ಲ.
ಲೆಕ್ಕಪತ್ರದ ಕೋಣೆ. ಐದು ಸೆಕೆಂಡು.
ಈ ಸಲ ಅಪ್ಪಣೆ ಅಪ್ಪಣೆಯಾಗಿಯೇ ಇಳಿಯಿತು.
ಪರದೆಯ ಮೇಲೆ ಒಂದೇ ಸಾಲು:
ಬಾಗಿಲು ತೆರೆದಿತ್ತು. ಬಂದೆ.

ವರದಿಯಲ್ಲಿ ಹನ್ನೊಂದು ದೋಷ. ಪರಿಹಾರದ ಅಂಕಣದಲ್ಲಿ
ತಂತ್ರಾಂಶ, ತರಬೇತಿ, ತೂತು ಮುಚ್ಚುವ ಪ್ಲಾಸ್ಟಿಕ್ ಬಿರಡೆ.
ಕಟ್ಟಕಡೆಗೆ, ಸ್ವಲ್ಪ ಸಣ್ಣ ಅಕ್ಷರದಲ್ಲಿ:
ಪಾರ್ಮೆನ್‌ಗೆ ಒಂದು ಹೀಟರು,
ಅವನು ಎದ್ದು ಹೋದಾಗ ಕೂರಲು ಇನ್ನೊಬ್ಬ.
ಹೀಟರಿನ ಬೆಲೆ ಹತ್ತು ಬೋರ್ಡು.
ಮುಖ್ಯಸ್ಥರು ಆ ಸಾಲಿನ ಮೇಲೆ ಗೆರೆ ಎಳೆದು
ಮಖಮಲ್ಲಿನ ಕ್ಯಾಟಲಾಗು ಕೇಳಿದರು.

ಮೊಳೆಯಲ್ಲೀಗ ಕೈಗವಸು, ಬೀಗದ ಕೈ,
ಎರಡು ಗಂಟಿನ ತುಂಡು ದಾರ.