ಇದಲ್ಲ

ಹೊರಗೆ ಮೈನಸ್ ಮೂವತ್ತೊಂದು.
ಲಸಿಕೆ ಹೆಪ್ಪುಗಟ್ಟಿದರೆ ಕೆಟ್ಟಿತೆಂದೇ ಲೆಕ್ಕ.
ಅದಕ್ಕೇ ಡಬ್ಬಿಯನ್ನು ನಿಲುವಂಗಿಯೊಳಗಿಟ್ಟು
ಹೊಟ್ಟೆಗೆ ಒತ್ತಿಕೊಂಡು ಗುಡ್ಡ ಹತ್ತುತ್ತೇನೆ.
"ಈ ವಯಸ್ಸಲ್ಲಿ ಎಷ್ಟು ತಿಂಗಳು, ಅಕ್ಕಾ?"
ನೀರು ಮಾರುವ ಗೂಡಿನ ಕಿಂಡಿಯಿಂದ ಗೊಂಬೊಸುರೆನ್ ನಗುತ್ತಾನೆ.
"ಹನ್ನೆರಡು," ಅನ್ನುತ್ತೇನೆ.
ಹನ್ನೆರಡು ಸೀಸೆಗಳಿವೆ.

ಉಲಾನ್‌ಬಾತರಿನ ಈ ಮಗ್ಗುಲಿಗೆ ಕೊಳಾಯಿ ಬಂದಿಲ್ಲ.
ಹಲಗೆ ಬೇಲಿ, ಬಿಳಿ ಉಣ್ಣೆಯ ಗುಡಾರ,
ಪ್ರತಿ ಗುಡಾರದ ತಲೆಯಿಂದಲೂ ಕಲ್ಲಿದ್ದಲ ಹೊಗೆ.
ಶಿಶುವಿಹಾರಕ್ಕೆ ಬೀಗ ಬಿದ್ದು ಎಂಟು ದಿನ.
ಹೊಸ ವರ್ಷಕ್ಕೆ ಇನ್ನು ನಾಲ್ಕು;
ಆಮೇಲೆ ಊರಿಗೆ ಊರೇ ತೋಳಿಗೆ ತೋಳು ಕೊಟ್ಟು,
ಕೆನ್ನೆಗೆ ಮೂಗು ಹಚ್ಚಿ,
ಮನೆಯಿಂದ ಮನೆಗೆ ಹೊರಡುತ್ತದೆ.
ಜ್ವರವೂ ಹೊಸ ಬಟ್ಟೆ ತೊಟ್ಟು ಜೊತೆಗೆ ಹೊರಡುತ್ತದೆ.

ಮುದುಕ ಲುವ್ಸಂಜಾಂಬನ ಗುಡಾರದಲ್ಲಿ
ನಲವತ್ತು ದಿನದ ಕೂಸು,
ಒಲೆಯ ಪಕ್ಕ ಕೆಮ್ಮುವ ಸೊಸೆ ಬದಮ್‌ಖಂಡ್.
ಹೊಸ್ತಿಲು ದಾಟಿದ್ದೇ ತಡ
ನಶ್ಯದ ಕಲ್ಲುಬುರುಡೆ ಬಲಗೈಯಲ್ಲಿ ಚಾಚಿದ.
ಅಜ್ಜನ ಕಾಲದ್ದು, ಜೇನುಬಣ್ಣದ ಅಗೇಟು.
ಅದನ್ನು ಬೇಡವೆಂದವರು ಆ ಮನೆಗೇ ಬೇಡವಾಗುತ್ತಾರೆ.

"ಮುಚ್ಚಳ ತೆಗೆಯದೆ ಕೊಡಿ," ಎಂದೆ.
ಎತ್ತಿ ಹಣೆಯ ಮಟ್ಟಕ್ಕೆ ತಂದು ಹಿಂದಿರುಗಿಸಿದೆ.
"ಈ ವರ್ಷ ಎಲ್ಲರಿಗೂ ಹೀಗೇ."
"ನೆಗಡಿಗೆ ಹೆದರಿ ಮರ್ಯಾದೆ ಬಿಡಲೇ?"
"ಮರ್ಯಾದೆ ಬುರುಡೆಯಲ್ಲಿದೆ, ಅಜ್ಜ. ಮೂಗಿನಲ್ಲಿಲ್ಲ."

ಕೈ ತೊಳೆಯಿರಿ ಎಂದೆ, ಸೋಪು ಹಚ್ಚಿ, ಇಪ್ಪತ್ತು ಎಣಿಸಿ.
ಅವನು ಮೂಲೆಯ ಕ್ಯಾನು ನೋಡಿದ.
ಮೊಮ್ಮಗ ಅದನ್ನು ಮಂಜಿನ ಮೇಲೆ ಎಳೆದು ತಂದ ದಾರಿ ನಾನೂ ಬಲ್ಲೆ.
ಒಂದು ಲೋಟ ಸಾಕೆಂದು ತೋರಿಸಿದೆ:
ಒದ್ದೆ ಮಾಡಲು ನಾಲ್ಕು ಗುಟುಕು, ಉಳಿದದ್ದು ತೊಳೆಯಲು.
ನೆತ್ತಿಯ ಹಗ್ಗ ಎಳೆದು ಹೊದಿಕೆ ಸರಿಸಿ ಎಂದೆ, ಹತ್ತೇ ನಿಮಿಷ.
"ಬಿಸಿ ಹೋಗುತ್ತದೆ, ಹೊಗೆ ಬರುತ್ತದೆ."
ಹೌದು. ಅದಕ್ಕೆ ನನ್ನ ಬಳಿ ಉತ್ತರವಿಲ್ಲ.
ಮಧ್ಯಾಹ್ನ, ಹೊಗೆ ಇಳಿದಾಗ, ಎಂದಷ್ಟೇ ಹೇಳಿದೆ.

ಕೂಸಿಗೆ ಈ ಸೂಜಿ ಇನ್ನೂ ಸಲ್ಲದು.
ದೊಡ್ಡವರ ತೋಳೇ ಅದರ ಬೇಲಿ.
ಆ ಬೇಲಿ ಗಟ್ಟಿಯಾಗಲೂ ಎರಡು ವಾರ ಬೇಕು,
ಹಬ್ಬ ಕಾಯುವುದಿಲ್ಲ.
ಬದಮ್‌ಖಂಡ್ ಮಾಸ್ಕಿನೊಳಗೇ ಹಾಲೂಡಿಸಿದಳು,
ಬಳಿಕ ಒಲೆಯ ಮಸಿ ಬೆರಳಿಗೆ ಮೆತ್ತಿ
ಕೂಸಿನ ಹಣೆಗೊಂದು ಬೊಟ್ಟಿಟ್ಟು, ಕಳ್ಳಿಯಂತೆ ನನ್ನತ್ತ ನೋಡಿದಳು.
ಇರಲಿ ಬಿಡು. ಮಸಿಗೂ ಮಾಸ್ಕಿಗೂ ಜಗಳವಿಲ್ಲ.

ನನಗಿಂತ ಮೊದಲು ಹುಟ್ಟಿದ ಇಬ್ಬರು
ಒಂದೇ ಮಾಗಿಯಲ್ಲಿ, ಒಂದೇ ವಾರದಲ್ಲಿ ಹೋದರಂತೆ.
ಅದಕ್ಕೇ ನನ್ನ ಹೆಸರು ಎನೆಬಿಶ್. ಎಂದರೆ, ಇದಲ್ಲ.
ಹುಡುಕಿಕೊಂಡು ಬಂದದ್ದು ಬಾಗಿಲಲ್ಲಿ ನಿಂತು
"ಆ ಕೂಸು ಇದೇ ಏನು?" ಎಂದರೆ
ಇದಲ್ಲ, ಇದಲ್ಲ ಎಂದು ಸುಳ್ಳು ಹೇಳಲು.
ಐವತ್ತೆರಡು ವರ್ಷ ನಡೆದಿದೆ ಆ ಸುಳ್ಳು.
ಈಗ ಮನೆಮನೆಗೂ ಅದನ್ನೇ ಹಂಚುತ್ತಿದ್ದೇನೆ,
ಅರ್ಧ ಮಿಲಿಲೀಟರಿನಂತೆ.

ಇಳಿಯುವಾಗ ಕತ್ತಲು. ಡಬ್ಬಿಯಲ್ಲಿ ಒಂದೇ ಉಳಿದಿತ್ತು.
"ಹೆರಿಗೆ ಆಯ್ತಾ?" ಎಂದ ಗೊಂಬೊಸುರೆನ್,
ಅಂಗೈಗೆ ಸೀನಿದ,
ಅದೇ ಕೈಯಲ್ಲಿ ಒಬ್ಬ ಹುಡುಗಿಯ ನೋಟು ಇಸಿದುಕೊಂಡ,
ಅದೇ ಕೈಯಲ್ಲಿ ಪೈಪು ಅವಳ ಕ್ಯಾನಿಗೆ ಹಿಡಿದ.
ಈ ಕೈ ಮುಟ್ಟದ ನೀರು ಈ ಗುಡ್ಡದಲ್ಲಿ ಯಾವ ಮನೆಯಲ್ಲಿದೆ?

"ಬಾಗಿಲು ತೆಗಿ," ಎಂದೆ. "ತೋಳು ಮೇಲಕ್ಕೇರಿಸು."
"ನನಗಾ? ನನಗೇನಾಗಿದೆ?"
"ಏನೂ ಆಗಿಲ್ಲ. ಮೊದಲು ಕೈ ತೊಳಿ.
ನೀರಂತೂ ನಿನ್ನದೇ."