ಮುರಿದ ಸೂಜಿಯ ರಿಜಿಸ್ಟರ್

ಬೊಮ್ಮನಹಳ್ಳಿಯ ಫ್ಯಾಕ್ಟರಿಯಲ್ಲಿ ನನಗೊಂದು ಕೋಣೆ ಕೊಟ್ಟಿದ್ದಾರೆ.
ಮೊದಲು ಗುಂಡಿಗಳ ಸ್ಟೋರು ಅದು.
ಈಗಲೂ ಕಸ ಗುಡಿಸಿದರೆ ಮೂಲೆಯಿಂದ
ನಾಲ್ಕು ತೂತಿನ ಬಿಳಿ ಗುಂಡಿಯೊಂದು ಉರುಳಿ ಬರುತ್ತದೆ,
ಯಾರ ಅಂಗಿಗೂ ಸೇರದೆ ಉಳಿದದ್ದು.
ಬಾಗಿಲ ಮೇಲೆ ‘ಆಪ್ತ ಸಮಾಲೋಚನೆ’ ಎಂಬ ಬೋರ್ಡು.
ಮೊಳೆ ಹೊಡೆದವನು
ಆಪ್ತದ ಕಡೆಗೆ ಸ್ವಲ್ಪ ವಾಲಿಸಿ ಹೊಡೆದಿದ್ದಾನೆ.

ಮೊದಲ ತಿಂಗಳು ಬಂದವರೆಲ್ಲ ತಲೆನೋವಿಗೆ ಮಾತ್ರೆ ಕೇಳಿದರು.
ಮಾತ್ರೆಯಿಲ್ಲಮ್ಮ, ಮಾತಿದೆ, ಕೂತ್ಕೊ ಅಂದೆ.
‘ಮಾತಾಡ್ತಾ ಕೂತ್ರೆ ಪೀಸು ಯಾರು ಕೊಡ್ತಾರೆ ಮೇಡಂ?’

ಹೆಡ್ ಆಫೀಸಿನಿಂದ ಫಾರಂ ಬಂತು:
ಕೆಲಸದಲ್ಲಿ ನೀವು ಎಷ್ಟು ಸಂತೋಷವಾಗಿದ್ದೀರಿ?
ಒಂದರಿಂದ ಐದರೊಳಗೆ ಗುರುತು ಹಾಕಿ.
ಕಾಲರ್ ಲೈನಿನ ಗಂಗರತ್ನ ಪೆನ್ನು ಕಚ್ಚಿಕೊಂಡು ಯೋಚಿಸಿದಳು,
‘ಇದು ಗಂಟೆ ಲೆಕ್ಕಾನಾ, ದಿನದ್ದಾ?’
ನಾನು ನಗಬಾರದಿತ್ತು. ನಕ್ಕೆ. ಅವಳೂ ನಕ್ಕಳು.
ಆ ಫಾರಂ ಇನ್ನೂ ಖಾಲಿ.
ನನ್ನ ಕೆಲಸ ಶುರುವಾದದ್ದು ಅಲ್ಲಿಂದ.

ನಾನೂ ಹನ್ನೊಂದು ವರ್ಷ ಮೆಷಿನ್ ತುಳಿದವಳು.
ಗೊತ್ತು, ಬೆಳಗಿನಿಂದ ನೀರು ಕುಡಿಯದೆ ಇರುವುದು ಹೇಗೆ,
ಬಾತ್‌ರೂಮಿನ ಟೋಕನ್ ಕೊರಳಿಗೆ ತೂಗಿಸಿಕೊಂಡು
ಇಡೀ ಲೈನಿನ ಕಣ್ಣೆದುರು ನಡೆಯುವುದು ಹೇಗೆ,
ಬೈಗುಳ ಬೀಳುವಾಗಲೂ ಹೊಲಿಗೆ ನೇರ ಹೋಗುವುದು ಹೇಗೆ.
ಅಂಚೆಯಲ್ಲಿ ಪಾಠ ತರಿಸಿ ಡಿಗ್ರಿ ಮಾಡಿದಾಗ ನೋಡಿದೆ:
ಪುಸ್ತಕದಲ್ಲಿ ಇದಕ್ಕೆಲ್ಲ ಹೆಸರುಗಳಿದ್ದವು, ಉದ್ದುದ್ದ.
ಟೋಕನ್ನಿಗೆ ಮಾತ್ರ ಹೆಸರಿರಲಿಲ್ಲ.

ಇಲ್ಲೊಂದು ನಿಯಮವಿದೆ.
ಸೂಜಿ ಮುರಿದರೆ ಎಲ್ಲ ನಿಲ್ಲಬೇಕು.
ಅಯಸ್ಕಾಂತ ಹಿಡಿದು ಚೂರು ಹುಡುಕಬೇಕು
ಮೆಷಿನ್ ಕೆಳಗೆ, ಸೆರಗಿನಲ್ಲಿ, ಜಡೆಯಲ್ಲಿ.
ಸಿಕ್ಕದ್ದನ್ನು ರಿಜಿಸ್ಟರಿನಲ್ಲಿ ಸೂಜಿಯಾಕಾರಕ್ಕೆ ಜೋಡಿಸಿ,
ಟೇಪು ಅಂಟಿಸಿ, ಸಮಯ ಬರೆದು, ಸಹಿ ಬಿದ್ದ ಮೇಲೆಯೇ ಹೊಸದು.
ಎಳ್ಳಿನಷ್ಟು ತುದಿ ಸಿಗದಿದ್ದರೂ ಬಂಡಲ್ ಪೂರ್ತಿ ಪಕ್ಕಕ್ಕೆ.
ಯಾವುದೋ ದೇಶದ ಮಗುವಿಗೆ ಚುಚ್ಚಬಾರದಲ್ಲ.

ಆ ಮಂಗಳವಾರ ಸೂಪರ್‌ವೈಸರ್ ತಿಮ್ಮರಾಯ
ಹೆಲ್ಪರ್ ಜಬೀನಾಳ ಮುಖಕ್ಕೆ ಕಫ್ ಬಂಡಲ್ ಎಸೆದ.
ಅವಳು ಬಗ್ಗಿ ಒಂದೊಂದೇ ಹೆಕ್ಕಿದಳು.
ಬುಧವಾರ ಬಂದಳು. ಗುರುವಾರ ಬರಲಿಲ್ಲ.
ಹದಿನೈದು ದಿನವಾದ ಮೇಲೆ ನಾನು ರಿಜಿಸ್ಟರ್ ತಿರುವಿದೆ.
ಆ ದಿನದ ಸಾಲು: ಮುರಿದದ್ದು ಎರಡು.
ಎಲ್ಲ ಚೂರು ಸಿಕ್ಕಿವೆ.

ಬೇಗೂರಿನಲ್ಲಿ ಅವಳ ಮನೆ, ಮೂರನೇ ಮಹಡಿ, ರೇಲಿಂಗಿಲ್ಲದ ಮೆಟ್ಟಿಲು.
ಬೆಳ್ಳುಳ್ಳಿ ಸುಲಿಯುತ್ತಿದ್ದಳು, ಕಿಲೋ ಲೆಕ್ಕದಲ್ಲಿ.
ನಾನೂ ಒಂದು ಗಡ್ಡೆ ಎತ್ತಿಕೊಂಡೆ.
ಬಂಡಲ್ಲಿನ ಮಾತು ಅವಳು ಎತ್ತಲೇ ಇಲ್ಲ.
‘ನಾಕು ವರ್ಷ ದಾರ ಕತ್ತರಿಸಿದೀನಿ.
ಕಾಲರ್ ಕಲಿಸಿ ಅಂತ ಮೂರು ಸಲ ಕೇಳ್ದೆ.
ನಿಂಗ್ಯಾಕೆ ಅಂದ್ರು.’
ಉಗುರಿನ ಸಂದಿಯ ಉರಿ ನನಗೆ ರಾತ್ರಿಯವರೆಗೂ ಹೋಗಲಿಲ್ಲ.

ತಿಮ್ಮರಾಯನೂ ಬಂದ ಒಂದು ದಿನ, ಶಿಫ್ಟ್ ಮುಗಿದ ಮೇಲೆ,
ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು.
ಅವನಿಗೂ ಮಾತ್ರೆಯೇ ಬೇಕಿತ್ತು.
ಫೋನು ತೆಗೆದು ಮೇಲಿನವರ ಮೆಸೇಜು ತೋರಿಸಿದ,
ಗಂಟೆಗೊಂದು, ಒಂದಕ್ಕಿಂತ ಒಂದು ಖಾರ.
‘ಬಡ್ತಿ ಕೊಟ್ರು, ಟಾರ್ಗೆಟ್ ಕೊಟ್ರು. ಕಲಿಸಿದ್ದು ಏನೂ ಇಲ್ಲ ಮೇಡಂ.
ಬೈಯೋದೊಂದು ತಾನಾಗೇ ಬಂತು.’
ನಾನು ಅವನನ್ನು ಕ್ಷಮಿಸಲಿಲ್ಲ, ಅದು ನನ್ನ ಕೆಲಸವಲ್ಲ.
ನೀರು ಕೊಟ್ಟೆ. ಕುರ್ಚಿ ತೋರಿಸಿದೆ.

ಈಗ ಊಟದ ಹೊತ್ತಿಗೆ ನನ್ನ ಕೋಣೆಯಲ್ಲಿ
ಗುಜರಿಗೆ ಹೋಗಬೇಕಿದ್ದ ಒಂದು ಹಳೇ ಮೆಷಿನ್ ಓಡುತ್ತದೆ.
ಪರ್ಮಿಷನ್ನಿಗೆ ಏಳು ಪತ್ರ ಬರೆದೆ, ಎಂಟನೆಯದಕ್ಕೆ ತಿಮ್ಮರಾಯ ಸಹಿ ಹಾಕಿದ.
ಗಂಗರತ್ನ ಒಂದು ಕೈಯಲ್ಲಿ ಮುದ್ದೆ ಮುರಿಯುತ್ತ
ಇನ್ನೊಂದರಲ್ಲಿ ತೋರಿಸುತ್ತಾಳೆ: ಮೂಲೆ ಹತ್ರ ನಿಧಾನ,
ಸೂಜಿ ಕೆಳಗೇ ಇರ್ಲಿ, ಬಟ್ಟೆ ತಿರುಗಿಸು.
ಜಬೀನಾಳ ಕಾಲರ್ ಸೊಟ್ಟ ಬಂದಿದೆ.
‘ಬಿಚ್ಚು,’ ಅನ್ನುತ್ತಾಳೆ ಗಂಗರತ್ನ, ದನಿ ಏರಿಸದೆ.
ಮೂರನೇ ಸಲ ಬಿಚ್ಚುತ್ತಿದ್ದಾಳೆ.
ಬೆಲ್ಲಿಗೆ ಇನ್ನೂ ಹನ್ನೆರಡು ನಿಮಿಷ.