ಪರದೆಯ ಹಿಂದೆ ಅರ್ಧಾಣೆ

ಆ ಸಿನೆಮಾ ಈಗ ಎಲ್ಲೂ ಇಲ್ಲ.
ಹೆಸರೂ ಉಳಿದಿಲ್ಲ. ಇದ್ದ ಹೆಸರು ಇಂಗ್ಲಿಷಿನದು,
ಓದಬಲ್ಲ ಒಬ್ಬನೇ ಒಬ್ಬ ಸ್ಟೇಷನ್ ಮಾಸ್ತರ
ಗೂಡ್ಸ್ ಗಾಡಿ ಬಂತೆಂದು
ಶುರುವಾಗುವ ಮೊದಲೇ ಎದ್ದು ಹೋಗಿದ್ದ.

ಗದಗಿನ ಹತ್ತಿ ಜಿನ್ನಿನ ಹಿಂದೆ ಬಯಲು,
ಬಯಲಲ್ಲಿ ತುಳಜಾಸಾ ಕಬಾಡಿಯ ತಂಬು.
ಪರದೆಯ ಮುಂದೆ ಎರಡಾಣೆ, ಹಿಂದೆ ಅರ್ಧಾಣೆ.
ಹಿಂದಿನವರಿಗೂ ಬೆಳಕು ಹಾಯಲಿ ಎಂದು
ಕೊಡ ಕೊಡ ನೀರು ತಂದು ಬಟ್ಟೆ ತೋಯಿಸುವುದು
ನಮ್ಮ ಮುತ್ಯಾ ಮೌಲಾಸಾಬ ನದಾಫನ ಕೆಲಸ.
ಆಮೇಲಿನ ಕೆಲಸ, ಕುದುರೆ ಓಡಿಸುವುದು.

ಎರಡು ಪರಟಿ, ಒಂದು ಶಹಾಬಾದ ಕಲ್ಲು.
ನಡೆದು ಬಂದರೆ ಟಕ್, ಟೊಕ್.
ಬೆನ್ನಟ್ಟಿದರೆ ಮೊಣಕೈ ಬಿದ್ದುಹೋಗುವಂತೆ.
ಗುಂಡು ಹಾರಿದಾಗ ಮಾತ್ರ
ಹಗಲೆಲ್ಲ ಅರಳೆ ಹಿಂಜಿದ ಬಿಲ್ಲಿನ ತಂತಿ
ಒಮ್ಮೆ ಮಿಡಿಯುತ್ತಿದ್ದ: ಟಂಯ್!
ಅಮೆರಿಕದ ಮಂದಿ
ನಮ್ಮ ಗಾದಿ ಹಿಂಜುವ ಸಪ್ಪಳಕ್ಕೆ
ಕುದುರೆಯಿಂದ ಉರುಳಿ ಸಾಯುತ್ತಿದ್ದರು.

ಕಥೆ ಏನೆಂದು ಕೇಳಿದರೆ ಮುತ್ಯಾ:
"ಒಬ್ಬಾಂವ ಬರ್ತಾನ. ಟೊಪಗಿ ತಗ್ಯಂಗಿಲ್ಲ.
ಭಾಂವಿ ಕಟ್ಟೀಮ್ಯಾಲೆ ಒಬ್ಬಾಕಿ ನಿಂತಿರ್ತಾಳ.
ಏನೋ ಅಂತಾಳ. ಪಾಟಿಮ್ಯಾಗ ಬರದು ತೋರಸ್ತಾರ,
ನಮ್ಮ ಕಡೆ ಎಲ್ಲಾ ಉಲ್ಟಾ ಅಕ್ಷರ.
ಸುಲ್ಟಾ ಇದ್ರೂ ಓದಾಂವ ಯಾರು ಬಿಡು.
ಆಮ್ಯಾಲೆ ಹೊಳ್ಳಿ ನಿಂತು, ಎಡಗೈಲೆ ಪಿಸ್ತೂಲ ಎಳೀತಾನ.
ನನ್ನಂಗ. ಅಪ್ಪಟ ಎಡಚ!"

ಎಡಗೈ ತಟ್ಟೆಗೆ ಹೋದಾಗೆಲ್ಲ
ತಾಯಿಯ ಕೈಯ ಸೌಟು ಬೆರಳ ಗೆಣ್ಣಿಗೆ ಬಿದ್ದ ಹುಡುಗ ಅವನು.
ಓಣಿಯ ಮದುವೆ ಊಟಗಳಲ್ಲಿ
ಎಡಗೈ ಮೇಲೆ ಕೂತು ಉಣ್ಣುವುದ ಕಲಿತಿದ್ದ.

ಎರಡಾಣೆ ಕೊಟ್ಟು ಮುಂದೆ ಕೂತಿದ್ದ
ಹೂಗಾರ ಗುರುಶಾಂತಪ್ಪನ ವಾದ ಬೇರೆ.
"ಬಲಗೈ ಮಾರಾಯ, ಈ ಕೈ, ಈ ಕೈ!"
ಬೆಟಗೇರಿಯ ಚಾದಂಗಡಿಯ ಬೆಂಚಿನ ಮೇಲೆ
ನಲವತ್ತು ವರ್ಷ ಇದೇ ಖಟ್ಲೆ.
ತೀರ್ಪು ಕೊಡಬೇಕಾದ ರೀಲು
ಸೇರಿಗಿಷ್ಟು ಎಂದು ತೂಕಕ್ಕೆ ಹೋಗಿತ್ತು;
ಕರಗಿ ಯಾರ ತುರುಬಿನ ಹಣಿಗೆಯಾಯಿತೋ,
ಹೊಟಗಿಯ ದಾರಿಯಲ್ಲಿ ಉರಿದೇ ಹೋಯಿತೋ.

ನನಗೆ ತಿಳಿದಾಗ ಹನ್ನೊಂದು ವರ್ಷ.
ಅಂಗಳದ ಹಗ್ಗದಲ್ಲಿ ಒದ್ದೆ ಧೋತರ,
ಆಚೆ ಬದಿ ಅಕ್ಕ ಕೈ ಎತ್ತಿದಳು.
ಮುತ್ಯಾನ ಮುಂದೆ ಓಡಿಹೋಗಿ ಬಾಯಿ ತೆರೆದೆ.
ಅವನು ಎಡಗೈಯಲ್ಲಿ ಬೆಲ್ಲದ ಚೂರು ಹಿಡಿದು ನಿಂತಿದ್ದ.
ಬೆಲ್ಲ ತಿಂದೆ.

ಕೊನೆಗೆ ಅವನು ಗೆದ್ದನೇ, ಆಕೆ ಸಿಕ್ಕಳೇ?
ಮುತ್ಯಾನಿಗೆ ಗೊತ್ತಿರಲಿಲ್ಲ.
ಬೇಸಿಗೆ ಗಾಳಿಗೆ ಕಡೆಯ ರೀಲಿನ ಹೊತ್ತಿಗೆ
ಬಟ್ಟೆ ಒಣಗಿ ಬಿಡುತ್ತಿತ್ತು.
ನೀರು ತರಲು ಎದ್ದರೆ ಕುದುರೆ ನಿಲ್ಲುತ್ತಿತ್ತು.
ಮಸುಕಾದ ಬೆಳ್ಳನೆಯ ಎದುರು ಕೂತು
ಮುಂದಿನವರ ಸಿಳ್ಳೆ ಕೇಳಿ
ಅಂದಾಜಿನ ಮೇಲೆ ಓಡಿಸುತ್ತಿದ್ದ.

"ಗುರುಶಾಂತಪ್ಪನ್ನ ಕೇಳಬೇಕಿತ್ತು ಮುತ್ಯಾ."
"ಅಂವನ್ನೇನ ಕೇಳ್ತಿ," ಅಂದ,
"ಎಡಗೈ ಯಾವುದು, ಬಲಗೈ ಯಾವುದು
ತಿಳೀದಾಂವನ್ನ?"